ಹೊಸ ಒಡಂಬಡಿಕೆ ಓದಿ ಮುಗಿಸಿದ ಬಳಗದಿಂದ ವಂದನೆಗಳು

ಧಾರವಾಡದ ನಮ್ಮ ಕ್ರೈಸ್ತ ಸಭೆಯ ಓದುವ ಬಳಗ ಈ ವಾರ ಪ್ರಕಟನೆ ಎಂಬ ಕೊನೆಯ ಪುಸ್ತಕದ 22ನೇ ಅಧ್ಯಾಯ ಓದಿತು. ಅಲ್ಲಿಗೆ ಸತ್ಯವೇದದ (ಬೈಬಲ್‌ನ) ಎರಡನೇ ಭಾಗವಾದ ಹೊಸ ಒಡಂಬಡಿಕೆಯ 27 ಪುಸ್ತಕ, 260 ಅಧ್ಯಾಯ ಮುಗಿದವು. ಬಳಗದಲ್ಲಿ ಹೆಚ್ಚಿನವರು ಈಗಷ್ಟೇ ದೃಢೀಕರಣ (ಸಭೆಯ ಪೂರ್ಣ ಸದಸ್ಯರಾಗುವ ವಿಧಿ) ಆದ ಹುಡುಗ ಹುಡುಗಿಯರು, ಒಂದಿಷ್ಟು ಮಂದಿ ಹೊಸ ವಿಶ್ವಾಸಿಗಳು. ಅವರನ್ನು ದಡ ಮುಟ್ಟಿಸಿದವರ ಹೆಸರು ಇಲ್ಲಿ ಹಾಕುತ್ತಿಲ್ಲ. ಅವರೇ ಬೇಡವೆಂದಿದ್ದಾರೆ. ಆದರೆ ಯಾರು ಏನು ಕೊಟ್ಟರು ಅನ್ನುವುದನ್ನಾದರೂ ಬರೆದಿಡಬೇಕು.

ಮೊದಲ ವಂದನೆ ನಮ್ಮ ಲೆಕ್ಕ ಕಡಿಮೆ ಮಾಡಿಸಿದ ಪಾದ್ರಿ ಅಯ್ಯನವರಿಗೆ. ಹೊಸ ವರ್ಷದ ಹುರುಪಿನಲ್ಲಿ ಎಲ್ಲರೂ ಕೈ ಹಾಕುವುದು ಇಡೀ ಸತ್ಯವೇದಕ್ಕೇ. ಒಟ್ಟು 1,189 ಅಧ್ಯಾಯ. ವಾರದ ದಿನ ಮೂರು, ಭಾನುವಾರ ಐದು ಓದಿದರೆ ವರ್ಷದೊಳಗೆ ಮುಗಿಯುತ್ತದೆ, ಕಾಗದದ ಮೇಲೆ. ಜನವರಿ ದಾಟುವುದರೊಳಗೆ ಎರಡನೇ ಪುಸ್ತಕ ವಿಮೋಚನಕಾಂಡದ 25ನೇ ಅಧ್ಯಾಯ ಬರುತ್ತದೆ. ದೇವರ ಗುಡಾರದ ಮೊಳ, ಪರದೆ, ಕೊಂಡಿಗಳ ಲೆಕ್ಕದಲ್ಲಿ ಓದು ನಿಂತೇ ಹೋಗುತ್ತದೆ. ಅಯ್ಯನವರು ಹಾಕಿಕೊಟ್ಟದ್ದು ವಾರಕ್ಕೆ ಐದೇ ಅಧ್ಯಾಯ, 52 ವಾರ. ಉಳಿದ ಎರಡು ದಿನ ಖಾಲಿ. ಮದುವೆ, ಪರೀಕ್ಷೆ, ಜ್ವರದಲ್ಲಿ ತಪ್ಪಿದ್ದನ್ನು ಆಗ ಓದಬೇಕು. ಆಗಲೂ ತೀರದಿದ್ದರೆ ಗುರುತು ಹಾಕಿ ಮುಂದೆ ಹೋಗಬೇಕು, ಬಿಟ್ಟದ್ದು ವರ್ಷದ ಕೊನೆಗೆ. ಬಾಕಿ ಬೆಳೆದಷ್ಟೂ ಪುಸ್ತಕ ಮುಟ್ಟುವ ಧೈರ್ಯ ಹೋಗುತ್ತದೆ.

ಶುರು ಮಾಡಿದ್ದು ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆಯಿಂದ. 16 ಅಧ್ಯಾಯ, ಓಡುವ ಕಥನ. ವಂಶಾವಳಿಯಿಂದ ತೆರೆದುಕೊಳ್ಳುವ ಮತ್ತಾಯನು ಆಮೇಲೆ. ಲೂಕನ ಮೊದಲ ಅಧ್ಯಾಯದಲ್ಲಿ 80 ವಚನಗಳಿವೆ, ಅದನ್ನು ಎರಡು ದಿನಕ್ಕೆ ಒಡೆದೆವು.

ಓದುವ ಕ್ರಮ ಕಲಿಸಿದವರು ಸ್ತ್ರೀ ಸಮಾಜದ ಹಿರಿಯ ಅಮ್ಮಂದಿರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ. ಆ ಮಿಷನ್‌ನ ಬೇರಿದ್ದ ಪಯಟಿಸ್ಟ್ ಪರಂಪರೆಯಲ್ಲಿ (ಮನಸ್ಸಿನ ಭಕ್ತಿಗೆ ಒತ್ತುಕೊಟ್ಟ ಪ್ರಾಟೆಸ್ಟಂಟ್ ಚಳವಳಿ) ಮನೆಯ ಪ್ರಾರ್ಥನೆಗೆ ಬಹಳ ಬೆಲೆ. ಅದೇ ಪರಂಪರೆಯ, ಜರ್ಮನಿಯ ಹೆರ್ನ್‌ಹುಟ್ ಸಭೆ ದಿನಕ್ಕೊಂದು ವಚನದ ಪುಸ್ತಕವನ್ನು 1731ರಿಂದ ಅಚ್ಚು ಹಾಕಿಸುತ್ತ ಬಂದಿದೆ. ಅಮ್ಮಂದಿರ ಕ್ರಮ ಇಷ್ಟೇ: ಅಧ್ಯಾಯವನ್ನು ಒಮ್ಮೆ ಗಟ್ಟಿಯಾಗಿ ಓದು. ಎರಡನೇ ಸಲ ಪೆನ್ಸಿಲ್ ಹಿಡಿದು ಓದು. ಒಂದೇ ಒಂದು ವಚನ ನೋಟ್‌ಬುಕ್ಕಿಗೆ ಇಳಿಸು. ಅದೇ ವಚನದ ಮಾತಿನಲ್ಲೇ ಪ್ರಾರ್ಥಿಸು. ಆಮೇಲೆ ಐದು ನಿಮಿಷ ಸುಮ್ಮನೆ ಕೂರು. ಒಟ್ಟು ಇಪ್ಪತ್ತು ನಿಮಿಷ, ಹೆಚ್ಚೆಂದರೆ ಇಪ್ಪತ್ತೈದು. ಗಟ್ಟಿಯಾಗಿ ಓದದಿದ್ದರೆ ಕಣ್ಣು ಸಾಲು ಹಾರಿಸುತ್ತದೆ, ಪುಟ ಮುಗಿದರೂ ತಲೆಗೆ ಏನೂ ಇಳಿದಿರುವುದಿಲ್ಲ.

ಸುಮ್ಮನೆ ಕೂರುವ ಐದು ನಿಮಿಷವೇ ಕಷ್ಟದ್ದು. ಕಣ್ಣು ಮುಚ್ಚಿದ ಕೂಡಲೇ ಗ್ಯಾಸ್ ಬುಕ್ ಮಾಡಬೇಕು, ಕರೆಂಟ್ ಬಿಲ್ ಕಟ್ಟಬೇಕು ಅಂತ ಒಂದೊಂದೇ ನೆನಪಾಗುತ್ತವೆ. ಅವುಗಳ ಜೊತೆ ಗುದ್ದಾಡಬಾರದು. ಪಕ್ಕದಲ್ಲಿಟ್ಟ ಚೀಟಿಯ ಮೇಲೆ ಎರಡು ಪದ ಗೀಚಿ ಮರಳಿ ಕೂರಬೇಕು. ಫೋನಿನಲ್ಲಿ ಗೀಚಲು ಹೋದರೆ ವಾಟ್ಸಾಪ್ ಎಳೆದುಕೊಳ್ಳುತ್ತದೆ. ಹಾಸಿಗೆಯಲ್ಲೇ ಪ್ರಾರ್ಥಿಸಿದರೆ ನಿದ್ದೆ ಖಾತ್ರಿ. ಮಂಡಿ ನೋವಿದ್ದವರಿಗೆ ಕುರ್ಚಿ ಸಾಕು, ಮೊಣಕಾಲೂರದಿದ್ದರೆ ದೇವರು ಕೇಳುವುದಿಲ್ಲವೆಂದು ಯಾವ ವಚನವೂ ಹೇಳುವುದಿಲ್ಲ.

ನಸುಕಿನಲ್ಲೆದ್ದು, ಮಿಂದು, ಲಿಂಗಪೂಜೆ ಮುಗಿಸದೆ ಚಹಾ ಮುಟ್ಟದ ನೆರೆಮನೆಯ ಹಿರಿಯರಿಗೂ ಇಲ್ಲಿ ಶರಣು ಹೇಳಬೇಕು. ಹೊತ್ತು ಗೊತ್ತುಮಾಡಿಕೊಳ್ಳುವುದನ್ನು ನಮ್ಮ ಹುಡುಗರು ಅವರನ್ನು ನೋಡಿ ಕಲಿತರು.

ಉಪವಾಸದ ವಿಷಯದಲ್ಲಿ ನಮ್ಮ ಸಭೆಯ ನರ್ಸ್ ಅಕ್ಕನವರ ಋಣ ದೊಡ್ಡದು. ಲೆಂಟ್ ಎಂಬ ಉಪವಾಸದ ಕಾಲ ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ಭಾನುವಾರ ಬಿಟ್ಟು 40 ದಿನ, ಸೇರಿಸಿದರೆ 46. ಭಾನುವಾರ ಪುನರುತ್ಥಾನದ ದಿನ, ಅಂದು ಉಪವಾಸವಿಲ್ಲ. ಲೆಂಟ್ ಬರುವುದು ನಮ್ಮಲ್ಲಿ ಬಿಸಿಲೇರುವ ಕಾಲಕ್ಕೆ, ಹಾಗಾಗಿ ನೀರೂ ಬಿಡುವ ಹಟಕ್ಕೆ ಅಕ್ಕ ಒಪ್ಪಲಿಲ್ಲ. ಹೊಸಬರಿಗೆ ವಾರಕ್ಕೆ ಒಂದು ದಿನ, ಒಂದೇ ಊಟ ಬಿಡುವುದು, ನೀರು ಎಂದಿನಂತೆ ಧಾರಾಳ. ಚಹಾದ ಚಟವಿದ್ದವರಿಗೆ ಬರುವ ತಲೆನೋವಿಗೆ ಕಾರಣ ಹಸಿವೊಂದೇ ಅಲ್ಲ, ಚಹಾ ನಿಂತದ್ದೂ ಹೌದು. ಮೂರು ದಿನ ಮೊದಲಿಂದಲೇ ಕಪ್ಪು ಕಡಿಮೆ ಮಾಡುತ್ತ ಬರಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡುವಂತಿಲ್ಲ. ಬಸುರಿ, ಬಾಣಂತಿಯರಿಗೂ ಊಟ ಬಿಡುವ ಉಪವಾಸ ಬೇಡ. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಉಪವಾಸ ಅಲ್ಲಿಗೇ ಮುಗಿಯಿತು: ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಬೇಕು, ಹದಿನೈದು ನಿಮಿಷದಲ್ಲಿ ತಗ್ಗದಿದ್ದರೆ ಮತ್ತೊಮ್ಮೆ, ಆಗಲೂ ತಗ್ಗದಿದ್ದರೆ ಆಸ್ಪತ್ರೆ. ಉಪವಾಸ ಬಿಡುವಾಗ ಗಂಜಿ ಅಥವಾ ಮಜ್ಜಿಗೆ ಅನ್ನ. ಖಾಲಿ ಹೊಟ್ಟೆಗೆ ಗಿರ್ಮಿಟ್ಟು ಮಿರ್ಚಿ ಬಿದ್ದರೆ ರಾತ್ರಿಯಿಡೀ ಎದೆಯುರಿ.

ಬಿಟ್ಟ ಊಟದ ದುಡ್ಡು ಡಬ್ಬಿಗೆ ಬೀಳಬೇಕು ಎಂದವರು ಖಜಾಂಚಿಯವರು. ಮತ್ತಾಯ 6ರಲ್ಲಿ ದಾನ, ಪ್ರಾರ್ಥನೆ, ಉಪವಾಸ ಒಟ್ಟಿಗೇ ಬರುತ್ತವೆ, ಮೂರೂ ಗುಟ್ಟಾಗಿರಬೇಕು; ಆದ್ದರಿಂದ ಸ್ಟೇಟಸ್ ಹಾಕುವುದು ಬೇಡ. ಹಸಿದು ಮನೆಯವರ ಮೇಲೆ ಸಿಡುಕಿದರೆ ಅದು ಪ್ರವಾದಿ ಯೆಶಾಯನ ಪುಸ್ತಕದ 58ನೇ ಅಧ್ಯಾಯ ಬೈಯುವ ಉಪವಾಸ. ಅಂಥ ದಿನ ಉಣ್ಣುವುದೇ ಮೇಲು.

ವಾರಕ್ಕೊಮ್ಮೆ ಇಬ್ಬಿಬ್ಬರು ಕೂತು ಲೆಕ್ಕ ಒಪ್ಪಿಸುವ ಏರ್ಪಾಟಿಗೆ ಮನೆಯ ಕಟ್ಟೆ ಬಿಟ್ಟುಕೊಟ್ಟವರಿಗೂ ವಂದನೆಗಳು. ಅಲ್ಲಿ ಕೇಳಿದ್ದು ಪ್ರಾರ್ಥನೆಯ ಕೋರಿಕೆಯ ರೂಪದಲ್ಲಿ ಊರೆಲ್ಲ ತಿರುಗಬಾರದು ಅನ್ನುವುದೊಂದೇ ಷರತ್ತು, ಅದನ್ನು ಎಲ್ಲರೂ ಕಾಪಾಡಿದರು.

ಮುಂದಿನ ಓದು ಸತ್ಯವೇದದ ಕೀರ್ತನೆಗಳ ಪುಸ್ತಕ. ದಿನಕ್ಕೊಂದು, 119ನೆಯದಕ್ಕೆ ಮಾತ್ರ 22 ದಿನ, ದಿನಕ್ಕೆ ಎಂಟು ವಚನದಂತೆ 176. ಒಟ್ಟು 171 ದಿನಗಳ ಪಟ್ಟಿಯನ್ನು ದಪ್ಪ ಅಕ್ಷರದಲ್ಲಿ ಕೈಯಿಂದ ಬರೆದುಕೊಟ್ಟ ಸಂಡೇ ಸ್ಕೂಲ್ ಟೀಚರ್‌ಗೆ ಮುಂಗಡವಾಗಿಯೇ ವಂದನೆ. ಪ್ರತಿಗಳು ನಮ್ಮ ಸಭೆಯ ಗುಡಿಯ ಹಿಂಬಾಗಿಲ ಬಳಿಯ ಮೇಜಿನ ಮೇಲಿವೆ.