ಅಂಗಳದ ಒಂದು ಮೂಲೆಯಲ್ಲಾದರೂ ಮಣ್ಣು ಇರಲಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಮ್ಮ ಪಕ್ಕದ ಮನೆಯ ಅಂಗಳಕ್ಕೆ ಇಂಟರ್‌ಲಾಕ್ ಸಿಮೆಂಟ್ ಇಟ್ಟಿಗೆ ಹಾಕಿದರು. ಎರಡೇ ದಿನದ ಕೆಲಸ. ಹಳೆಯ ಕೇಪುಳದ ಗಿಡ, ಬಾವಿಕಟ್ಟೆ ಹತ್ತಿರದ ನುಗ್ಗೆ ಮರ, ತುಳಸಿಕಟ್ಟೆ ಹಿಂದೆ ಹಬ್ಬಿದ್ದ ತಿಮರೆ (ಒಂದೆಲಗ), ಎಲ್ಲ ಹೋಯಿತು. ಮನೆಯವರು ಒಳ್ಳೆಯವರು. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ, ಹಾವು ಬರುತ್ತದೆ, ತರಗೆಲೆ ಗುಡಿಸಲಿಕ್ಕೆ ಜನ ಸಿಗುವುದಿಲ್ಲ ಅಂದರು. ಅದರಲ್ಲಿ ಸುಳ್ಳೇನಿಲ್ಲ, ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡವರು ನಮ್ಮ ಕುಟುಂಬದಲ್ಲೇ ಇದ್ದಾರೆ. ಆದರೂ ಈ ಪತ್ರ ಬರೆಯದೆ ಇರಲು ಆಗಲಿಲ್ಲ, ಯಾಕೆಂದರೆ ನಮ್ಮ ಓಣಿಯಲ್ಲಿ ಈಗ ಮಣ್ಣು ಕಾಣುವ ಅಂಗಳ ಅಂತ ಉಳಿದಿರುವುದು ಎರಡೇ ಎರಡು, ಮಂಗಳೂರಿನ ಬೇರೆ ಕಡೆಯೂ ಇದೇ ಕಥೆ ಅಲ್ವಾ?

ನಮ್ಮ ಅತ್ತೆಯ ವಿಷಯ ಹೇಳಬೇಕು. ಮಾವ ತೀರಿಹೋದ ಮೇಲೆ ಅವರನ್ನು ಬೆಳ್ತಂಗಡಿ ಕಡೆಯಿಂದ ಇಲ್ಲಿ ಬಿಜೈಗೆ ಕರೆದುಕೊಂಡು ಬಂದೆವು. ಅಲ್ಲಿ ದನದ ಹಟ್ಟಿ, ತೋಟ, ಬಸಳೆ ಚಪ್ಪರ ಅಂತ ಬೆಳಿಗ್ಗೆಯಿಂದ ಓಡಾಡುತ್ತಿದ್ದವರು. ಇಲ್ಲಿ ಸುಮ್ನೆ ಟಿವಿ ಮುಂದೆ ಕೂತರು. ಊಟ ಕಡಿಮೆಯಾಯಿತು, ಮಾತು ಇನ್ನೂ ಕಡಿಮೆ. ರಾತ್ರಿ ನಿದ್ರೆ ಇಲ್ಲ ಅಂತ ಮಾತ್ರೆ ಶುರುವಾಯಿತು. ಒಂದು ದಿನ ಅವರೇ ಹಿತ್ತಲಿನ ಮೂಲೆಯಲ್ಲಿ ಬಿದ್ದಿದ್ದ ಕಲ್ಲು, ಒಡೆದ ಹಂಚು ಎಲ್ಲ ಒಂದೊಂದಾಗಿ ಬದಿಗಿಡುತ್ತಿದ್ದರು. ಸಂತೆಯಿಂದ ಬಸಳೆ ತಂದಾಗ ಎಲೆ ಕೊಯ್ದು ದಂಟು ಎಸೆಯುವ ಬದಲು ನಾಲ್ಕು ತುಂಡು ಮಣ್ಣಿಗೆ ಊರಿದರು. ಅಷ್ಟೇ. ಎರಡು ತಿಂಗಳಿಗೆ ಬಸಳೆ ಗಸಿ ಮನೆಯದ್ದೇ ಆಯಿತು, ಆಚೆ ಮನೆಗೂ ಕೊಟ್ಟು ಕಳುಹಿಸಿದರು. ಈಗ ಬೆಳಿಗ್ಗೆ ಆರಕ್ಕೆ ಎದ್ದು ಮೊದಲು ಹಿತ್ತಲಿಗೆ ಹೋಗುತ್ತಾರೆ. ಮಂಡಿನೋವು ಹೋಗಿಲ್ಲ, ಆದರೆ ದಿನವಿಡೀ ಅದರ ಬಗ್ಗೆಯೇ ಹೇಳುವುದು ನಿಂತಿದೆ.

ಇದನ್ನು ನರ್ಸಿಂಗ್ ಓದುತ್ತಿರುವ ಮಗಳ ಹತ್ತಿರ ಹೇಳಿದೆ. ಅವಳು ಒಂದು ಅಧ್ಯಯನದ ಬಗ್ಗೆ ಹೇಳಿದಳು. ಅಮೆರಿಕದ ರೋಜರ್ ಉಲ್ರಿಚ್ ಅನ್ನುವವರು 1984ರಲ್ಲಿ ಪ್ರಕಟಿಸಿದ್ದು. ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳ ದಾಖಲೆ ನೋಡಿದರಂತೆ. ಅರ್ಧ ಜನರ ಕಿಟಕಿಯಿಂದ ಮರ ಕಾಣುತ್ತಿತ್ತು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಅವರಿಗೆ ಬಲವಾದ ನೋವಿನ ಔಷಧಿಯೂ ಕಡಿಮೆ ಸಾಕಾಯಿತು. ಬರೀ ಮರ ನೋಡಿದ್ದಕ್ಕೇ ಇಷ್ಟು ಅಂದರೆ ಮಣ್ಣಿಗೆ ಕೈ ಹಾಕಿದವರಿಗೆ ಎಷ್ಟು ಅಂತ ನನಗೆ ಅನಿಸಿತು.

ನೀರಿನ ಮಾತಿಗೆ ಬರುತ್ತೇನೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. 2018ರ ಮೇ 29ರ ಮಳೆಗೆ ನಗರದ ರಸ್ತೆಗಳು ತೋಡಿನಂತಾದದ್ದು ಯಾರಿಗೆ ಮರೆತಿದೆ? ಮರುವರ್ಷವೇ ಬೇಸಿಗೆಯಲ್ಲಿ ನಗರಕ್ಕೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು, ನಳ್ಳಿ ನೀರು ಪಾಳಿಯಲ್ಲಿ ಬಂತು. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ನೀರು ಕುಡಿಯುವ ನೆಲ, ಅದರಿಂದಲೇ ಹಳೆಯ ಬಾವಿಗಳು ತುಂಬುತ್ತಿದ್ದವು. ಮೇಲೆ ಸಿಮೆಂಟ್ ಮುಚ್ಚಿ, ಕೆಳಗೆ ಬಾವಿ ಬತ್ತಿತು ಅಂತ ಬೋರ್ ಕೊರೆಸುತ್ತೇವೆ. ಅಂಗಳದ ನೀರೆಲ್ಲ ರಸ್ತೆಗೆ ಹೋಗುತ್ತದೆ, ರಸ್ತೆಯಿಂದ ತಗ್ಗಿನ ಮನೆಯವರ ಬಾಗಿಲಿಗೆ.

ಜಾಗ ಎಲ್ಲಿದೆ ಅಂತ ಕೇಳುವವರಿಗೆ ಅತ್ತೆ ಕಲಿಸಿದ್ದನ್ನು ಹೇಳುತ್ತೇನೆ. ಮೊದಲ ಮಳೆ ಬಿದ್ದಾಗ ಬೆಂಡೆ, ಹೀರೆ, ಮುಳ್ಳುಸೌತೆ ಹಾಕಿ. ಹರಿವೆಗೆ ಅವಸರ ಬೇಡ, ಜಡಿಮಳೆಗೆ ಎಳೆ ಗಿಡ ಕೊಳೆಯುತ್ತದೆ, ದೀಪಾವಳಿ ಹೊತ್ತಿಗೆ ಬಿತ್ತಿದರೆ ಕೆಂಪಗೆ ಚೆಂದ ಬರುತ್ತದೆ. ಇಲ್ಲಿಯ ಮಳೆ ಮಣ್ಣಿನ ಸುಣ್ಣದ ಅಂಶವನ್ನೆಲ್ಲ ತೊಳೆದುಬಿಡುತ್ತದೆ, ಮಣ್ಣು ಹುಳಿಯಾಗುತ್ತದೆ, ಅದಕ್ಕೆ ಹಿಡಿ ಬೂದಿಯೋ ಸ್ವಲ್ಪ ಸುಣ್ಣವೋ ಬೇಕು. ಹಿಂದಿನವರು ಸುಡುಮಣ್ಣು ಮಾಡಿ ಹಾಕುತ್ತಿದ್ದದ್ದು ಸುಮ್ನೆ ಅಲ್ಲ. ಕೆಸು, ಅರಸಿನ, ಶುಂಠಿಗೆ ನೆರಳಾದರೂ ಆಗುತ್ತದೆ. ಆಟಿ ತಿಂಗಳಲ್ಲಿ ಪತ್ರೊಡೆಗೆ ಕೆಸುವಿನ ಎಲೆ ಹುಡುಕಿಕೊಂಡು ಮಾರ್ಕೆಟಿಗೆ ಹೋಗಬೇಕಿಲ್ಲ. ಫ್ಲ್ಯಾಟಿನವರಿಗೆ ಬಾಲ್ಕನಿಯಲ್ಲಿ ಒಂದು ಚಟ್ಟಿ ಸಾಂಬ್ರಾಣಿ (ದೊಡ್ಡಪತ್ರೆ), ಒಂದು ಚಟ್ಟಿ ಕರಿಬೇವು ಸಾಕು. ಉಡುಪಿಯ ಶಂಕರಪುರ ಕಡೆಯವರು ಟೆರೇಸಿನ ಮೇಲೆ ಮಲ್ಲಿಗೆ ಬೆಳೆದು ಮಾರುತ್ತಿದ್ದಾರೆ, ನಮಗೆ ನಾಲ್ಕು ಮೆಣಸಿನ ಗಿಡ ಆಗುವುದಿಲ್ಲವಾ? ಒಂದು ಎಚ್ಚರ ಮಾತ್ರ ಬೇಕೇ ಬೇಕು. ಚಟ್ಟಿಯ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು. ಮಲೇರಿಯಾ, ಡೆಂಗಿ ಎರಡನ್ನೂ ಕಂಡ ಊರು ಇದು, ವಾರಕ್ಕೊಮ್ಮೆಯಾದರೂ ಚೆಲ್ಲಿ ಒರೆಸಿ.

ಹೇಳಲೇಬೇಕಾದ ಇನ್ನೊಂದು ಸಂಗತಿ ನಾಗಬನದ್ದು, ಅಂದರೆ ನಾಗನಿಗೆ ಬಿಟ್ಟ ಮರಗಳ ತೋಪಿನದ್ದು. ಬನದ ಒಂದು ಕೊಂಬೆ ಮುರಿಯಲೂ ಹಿರಿಯರು ಬಿಡುತ್ತಿರಲಿಲ್ಲ, ಹಾಗಾಗಿ ಪೇಟೆಯ ನಡುವೆಯೂ ದೊಡ್ಡ ಮರ, ಬಳ್ಳಿ, ಹಕ್ಕಿ ಉಳಿದವು. ಈಗ ಎಷ್ಟೋ ಕಡೆ ಜೀರ್ಣೋದ್ಧಾರ ಅಂತ ಮರ ಕಡಿದು, ಕಟ್ಟೆ ಕಟ್ಟಿ, ಗ್ರಾನೈಟ್ ಹಾಸುತ್ತಾರೆ. ಭಕ್ತಿಯಿಂದಲೇ ಮಾಡುತ್ತಾರೆ, ನನಗೂ ಭಕ್ತಿ ಇದೆ. ಆದರೆ ಬನ ಅಂದ ಮೇಲೆ ಮರ ಇರಬೇಕಲ್ಲ. ನಾಗನಿಗೆ ತಂಪು ಬೇಕು ಅಂತ ಹಾಲು, ಎಳನೀರಿನ ತನು ಎರೆಯುವವರು ನಾವೇ ತಾನೇ? ಕುಟುಂಬದ ಬನ ಇರುವವರು ಮುಂದಿನ ಸಲ ಸೇರಿದಾಗ ಈ ಮಾತು ದಯವಿಟ್ಟು ಎತ್ತಿ.

ನಗರಾಡಳಿತಕ್ಕೂ ಒಂದು ಕೋರಿಕೆ. ಕದ್ರಿ ಪಾರ್ಕ್ ಚೆಂದ ಇದೆ, ಪಿಲಿಕುಳವೂ ಇದೆ, ಆದರೆ ಮಂಡಿನೋವಿನವರು ದಿನಾ ರಿಕ್ಷಾ ಹಿಡಿದು ಹೋಗಲಿಕ್ಕೆ ಆಗುತ್ತದಾ? ಸೆಸಿಲ್ ಕೊನೈನೆಂಡೈಕ್ ಅನ್ನುವ ನಗರದ ಮರಗಳ ತಜ್ಞರು 2021ರಲ್ಲಿ ಸರಳ ಲೆಕ್ಕ ಕೊಟ್ಟಿದ್ದಾರೆ: ಪ್ರತಿ ಮನೆಯಿಂದ 3 ಮರ ಕಾಣಬೇಕು, ಬಡಾವಣೆಯ ನೂರಕ್ಕೆ 30 ಭಾಗ ಮರದ ನೆರಳಿರಬೇಕು, 300 ಮೀಟರ್ ಒಳಗೆ ಒಂದು ಪಾರ್ಕ್ ಇರಬೇಕು. ನಮ್ಮ ಮನೆ ಬಾಗಿಲಲ್ಲಿ ನಿಂತು ಎಣಿಸಿದೆ. ನುಗ್ಗೆ ಹೋದ ಮೇಲೆ ಎರಡು. ಪ್ರತಿ ವಾರ್ಡಿನಲ್ಲಿ ನಾಲ್ಕು ಬೆಂಚು, ಹತ್ತು ಮರ ಇರುವ ಸಣ್ಣ ಜಾಗ ಸಿಕ್ಕಿದರೆ ನಮ್ಮಂಥವರಿಗೆ ದೊಡ್ಡ ಉಪಕಾರ. ಫುಟ್‌ಪಾತ್ ಮಾಡುವಾಗ ಇರುವ ಮರಗಳ ಬುಡದವರೆಗೆ ಕಾಂಕ್ರೀಟ್ ತುಂಬದೆ, ಬೇರು ಉಸಿರಾಡುವಷ್ಟು ಮಣ್ಣು ಬಿಡಲಿ.

ನಿನ್ನೆ ಸಂಜೆ ಅತ್ತೆ ಪಕ್ಕದ ಮನೆಗೆ ಬಸಳೆ ಕೊಡಲಿಕ್ಕೆ ಹೋಗಿ ಬಹಳ ಹೊತ್ತು ಕೂತು ಬಂದರು. ಬಾವಿಕಟ್ಟೆ ಬದಿಯ ಎರಡು ಸಾಲು ಇಂಟರ್‌ಲಾಕ್ ತೆಗೆಸುತ್ತಾರಂತೆ. ನುಗ್ಗೆಯ ಕೊಂಬೆ ಒಂದು ತುಂಡು ನಮ್ಮ ಹಿತ್ತಲಲ್ಲಿ ಊರಿಟ್ಟಿದ್ದೆವು, ಅದು ಚಿಗುರಿದೆ. ಮಳೆ ಹಿಡಿಯುವ ಮೊದಲು ಅಲ್ಲಿಗೇ ತಿರುಗಿ ನೆಡುತ್ತೇವೆ.

ಇಂತಿ,
ಓರ್ವ ಓದುಗಿ
ಬಿಜೈ, ಮಂಗಳೂರು