ಥೀಸಿಸ್ ಮುಗಿಯಿತು, ಇವರಿಗೆಲ್ಲ ಥ್ಯಾಂಕ್ಸ್ ಹೇಳಬೇಕು

ಹೋದ ವಾರ ನನ್ನ ಪಿಎಚ್.ಡಿ. ಡಿಫೆನ್ಸ್ ಮುಗಿಯಿತು. ಫೋನ್ ಮಾಡಿ ಹಾರೈಸಿದ ಎಲ್ಲರಿಗೂ ಧನ್ಯವಾದ. ಕೆಲವರಿಗೆ ಮಾತ್ರ ಅಷ್ಟು ಹೇಳಿದರೆ ಸಾಲದು.

ನನ್ನ ಕೆಲಸ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳ ಮೇಲೆ. ಬಾಳಿಕೆ ಜಾಸ್ತಿ, ಬೆಂಕಿಯ ಭಯ ಕಡಿಮೆ. ಆದರೆ ಒಳಗೆ ಚಾರ್ಜ್ ಎಷ್ಟು ಉಳಿದಿದೆ ಎಂದು ಹೇಳುವುದು ಕಷ್ಟ. ಗ್ಯಾಸ್ ಸಿಲಿಂಡರ್ ಖಾಲಿಯಾಗುವ ತನಕ ಒಲೆಯ ಉರಿ ಒಂದೇ ಥರ ಇರುತ್ತದೆ ಅಲ್ವಾ, ಹಾಗೆ. ಮುಕ್ಕಾಲು ಚಾರ್ಜ್ ಇರಲಿ, ಕಾಲು ಇರಲಿ, ವೋಲ್ಟೇಜ್ 3.3ರ ಆಸುಪಾಸಿನಲ್ಲೇ. ಅಳತೆ ಕೆಲವೇ ಮಿಲಿವೋಲ್ಟ್ ಹೆಚ್ಚುಕಮ್ಮಿ ಆದರೂ ಲೆಕ್ಕ ಎಲ್ಲೋ ಹೋಗುತ್ತದೆ. ಎಲೆಕ್ಟ್ರಿಕ್ ಸ್ಕೂಟರ್ ನಡುದಾರಿಯಲ್ಲಿ ನಿಂತವರಿಗೆ ಇದು ಸಣ್ಣ ವಿಷಯವಲ್ಲ.

ಮೊದಲ ಥ್ಯಾಂಕ್ಸ್ ನಮ್ಮ ಲ್ಯಾಬಿನ ಟೆಕ್ನಿಷಿಯನ್ ಅಣ್ಣನಿಗೆ. ಸೆಲ್‌ಗೆ ಒಂದು ಪಲ್ಸ್, ಅಂದರೆ ಸ್ವಲ್ಪ ಹೊತ್ತಿನ ವಿದ್ಯುತ್, ಕೊಟ್ಟು ಗಂಟೆಗಟ್ಟಲೆ ಸುಮ್ನೆ ಬಿಡಬೇಕು. ವೋಲ್ಟೇಜ್ ನಿಧಾನಕ್ಕೆ ನೆಲೆಗೆ ಬಂದ ಮೇಲೆ ಇನ್ನೊಂದು. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ. ಅಣ್ಣ ಭಾನುವಾರವೂ ಬಂದು ಟೆಸ್ಟ್ ಶುರು ಮಾಡಿಕೊಟ್ಟಿದ್ದಾರೆ. ತಾಪಮಾನ ಅಳೆಯುವ ತಂತಿಯನ್ನು ಸೆಲ್ ಮೈಗೆ ಟೇಪ್ ಹಾಕಿ ಅಂಟಿಸುವಾಗ, ಒಳಗೆ ಗಾಳಿ ಉಳಿಯದಂತೆ ಉಗುರಿನಿಂದ ತೀಡುತ್ತಿದ್ದರು. ಅಳತೆಗಳು ಚೊಕ್ಕವಾಗಿವೆ ಎಂದು ಪರೀಕ್ಷಕರು ಹೊಗಳಿದ್ದು ಅವರಿಗೇ ಸೇರಬೇಕು.

ಗೈಡ್ ಮೇಡಂ, ಬ್ಯಾಟರಿಯ ಒಳಗೆ ಏನಾಗುತ್ತದೆ ಎಂದು ಲೆಕ್ಕ ಹಾಕುವ 1993ರ ಡಾಯ್ಲ್, ಫುಲ್ಲರ್, ನ್ಯೂಮನ್ ಮಾದರಿಯ ಒಂದೊಂದು ಸಮೀಕರಣವನ್ನೂ ಬೋರ್ಡ್ ಮೇಲೆ ಬಿಡಿಸಿಟ್ಟು, “ಇಲ್ಲಿ ಲಿಥಿಯಂ ಎಲ್ಲಿಂದ ಎಲ್ಲಿಗೆ ಹೋಗ್ತಿದೆ, ಹೇಳು” ಎಂದು ಕೇಳುತ್ತಿದ್ದರು. ಅದು ಗಾಡಿಯ ಪುಟ್ಟ ಚಿಪ್‌ಗೆ ತೀರಾ ಭಾರದ ಮಾದರಿ. ಅದನ್ನು ಹಗುರ ಮಾಡಿ ಕಾಲ್ಮನ್ ಫಿಲ್ಟರ್ ಎಂಬ ಲೆಕ್ಕದ ವಿಧಾನದ ಜೊತೆ ಕೂರಿಸಿದೆವು. ಮಾದರಿ ಹೇಳುವ ವೋಲ್ಟೇಜಿಗೂ ನಿಜವಾದ ಅಳತೆಗೂ ಎಷ್ಟು ಅಂತರ ಎಂದು ನೋಡಿ, ಫಿಲ್ಟರ್ ಚಾರ್ಜಿನ ಬಗ್ಗೆ ತನ್ನ ಅಂದಾಜು ತಿದ್ದಿಕೊಳ್ಳುತ್ತಾ ಹೋಗುತ್ತದೆ. ಬ್ಯಾಟರಿಗೆ ಇದನ್ನು ಹೇಗೆ ಹೊಂದಿಸಬೇಕೆಂದು ನಾನು ಕಲಿತದ್ದು ಬ್ಯಾಟರಿ ಸಂಶೋಧಕ ಗ್ರೆಗರಿ ಪ್ಲೆಟ್ ಅವರ 2004ರ ಲೇಖನಗಳಿಂದ. ಭೇಟಿಯಾಗದ ಗುರು ಅವರು. ಇಂಥ ಬ್ಯಾಟರಿ ಮಾದರಿಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಪೈಬ್ಯಾಮ್ ತಂತ್ರಾಂಶ ಬರೆದು ಎಲ್ಲರಿಗೂ ಪುಕ್ಕಟೆ ಕೊಟ್ಟವರಿಗೂ ನಾನು ಋಣಿ.

ಅಪ್ಪ, ಅಮ್ಮ, “ಯಾವಾಗ ಮುಗಿಯುತ್ತೆ” ಎಂದು ನೀವು ಒಮ್ಮೆಯೂ ಕೇಳಲಿಲ್ಲ. ಅದು ಎಷ್ಟು ದೊಡ್ಡದು ಅಂತ ಪಿಎಚ್.ಡಿ. ಮಾಡಿದವರಿಗೆ ಗೊತ್ತು.

ಸೆಲ್ ಟೆಸ್ಟ್ ಮಾಡುವ ಯಂತ್ರ ಎಲ್ಲಾ ಕಾಲೇಜುಗಳಲ್ಲೂ ಇರುವುದಿಲ್ಲ. ನನ್ನ ಅಳತೆಗಳು, ಕೋಡ್ ಯಾರಿಗೆ ಬೇಕಿದ್ದರೂ ಮೆಸೇಜ್ ಮಾಡಿ, ಕಳಿಸುತ್ತೇನೆ. ಮೇಡಂ ಒಪ್ಪಿದ್ದಾರೆ.