ಹಾಲು ಕೊಡು, ಆದರೆ ಫ್ಲಾಸ್ಕಿನಲ್ಲಿ ಕಳಿಸಬೇಡ

ಶನಿವಾರಸಂತೆ
8 ಆಗಸ್ಟ್ 2021

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಮೆಸೇಜ್ ನಿನ್ನೆ ಸಿಕ್ಕಿತು. ಉತ್ತರ ಟೈಪ್ ಮಾಡುವಷ್ಟರಲ್ಲಿ ಟವರ್ ಹೋಯಿತು. ಮಳೆಗಾಲದಲ್ಲಿ ಇಲ್ಲಿಯ ಕಥೆ ನಿನಗೆ ಗೊತ್ತೇ ಇದೆ. ಶನಿವಾರ, ಭಾನುವಾರ ಕರ್ಫ್ಯೂ ಅಂತ ಮತ್ತೆ ಶುರು ಮಾಡಿದ್ದಾರೆ. ಕೇರಳದ ಗಡಿ ಜಿಲ್ಲೆ ಅಂತ ನಮ್ಮ ಕೊಡಗಿಗೂ ಬಂತು. ಎಲ್ಲಿಗೂ ಹೋಗುವ ಹಾಗಿಲ್ಲ, ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ಅರ್ಧ ಕೇಳಿ "ಆಯ್ತು ದೊಡ್ಡಮ್ಮ" ಅಂದುಬಿಡುತ್ತೀಯ. ಅದಕ್ಕಿಂತ ಇದೇ ವಾಸಿ.

ನೀನು ಕೇಳಿದ್ದು ಇಷ್ಟು. ನಿಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಯಾರೋ ಹಾಕಿದ್ದಾರೆ: ಏಳು ತಿಂಗಳಿಗೇ ಹುಟ್ಟಿದ ಮಗು, ಎನ್‌ಐಸಿಯುನಲ್ಲಿದೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ), ತಾಯಿಗೆ ಕೋವಿಡ್, ಹಾಲೂಡಿಸುವ ತಾಯಂದಿರು ಯಾರಾದರೂ ಸಹಾಯ ಮಾಡಿ ಅಂತ. ನಿನಗೆ ಹಾಲು ಜಾಸ್ತಿ ಇದೆ. ಹಿಂಡಿ, ಫ್ಲಾಸ್ಕಿಗೆ ಹಾಕಿ, ಆ ಮಗುವಿನ ಅಪ್ಪನ ಕೈಗೆ ಕೊಡಲಾ ಅಂತ ನಿನ್ನ ಪ್ರಶ್ನೆ. ನಿಮ್ಮ ಅತ್ತೆ ಸುತರಾಂ ಬೇಡ ಅನ್ನುತ್ತಿದ್ದಾರೆ.

ಕೊಡು. ಆದರೆ ಫ್ಲಾಸ್ಕಿನಲ್ಲಿ ಬೇಡ, ಆ ಅಪ್ಪನ ಕೈಗೂ ಬೇಡ. ತಾಯಂದಿರು ದಾನ ಕೊಟ್ಟ ಹಾಲನ್ನು ಕೂಡಿಟ್ಟು ಇಂಥ ಮಕ್ಕಳಿಗೆ ಕೊಡುವ ಆಸ್ಪತ್ರೆಯ ಹಾಲಿನ ಬ್ಯಾಂಕಿಗೆ ಕೊಡು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದು.

ನಾನು ಹೆರಿಗೆ ವಾರ್ಡಿನಲ್ಲೂ ಮಕ್ಕಳ ವಾರ್ಡಿನಲ್ಲೂ ಕೆಲಸ ಮಾಡಿದವಳು. ಒಂದು ಕೆಜಿ ತೂಕದ ಕೂಸನ್ನು ನೀನು ನೋಡಿರಲಿಕ್ಕಿಲ್ಲ. ಅಂಗೈ ಮೇಲೆ ಮಲಗುತ್ತದೆ. ಚರ್ಮದ ಒಳಗಿನ ನರ ಕಾಣುತ್ತದೆ. ಚೀಪಿ, ನುಂಗಿ, ಉಸಿರಾಡಿ, ಮೂರನ್ನೂ ಒಟ್ಟಿಗೆ ಮಾಡುವ ಶಕ್ತಿ ಅದಕ್ಕಿನ್ನೂ ಬಂದಿರುವುದಿಲ್ಲ. ಅದಕ್ಕೇ ಸಣ್ಣ ನಳಿಕೆಯೊಂದನ್ನು ಹೊಟ್ಟೆಯವರೆಗೂ ಇಳಿಸಿರುತ್ತಾರೆ. ಸಿರಿಂಜಿನ ಒತ್ತುವ ಕಡ್ಡಿ ತೆಗೆದು, ಬರೀ ಕೊಳವೆಯನ್ನು ನಳಿಕೆಗೆ ಸಿಕ್ಕಿಸಿ, ಎತ್ತಿ ಹಿಡಿದು ಹಾಲು ಬಿಡುತ್ತೇವೆ. ಒತ್ತುವುದಿಲ್ಲ. ತಾನಾಗಿ ಇಳಿಯಬೇಕು. ಮೊದಮೊದಲು ಒಂದು ಸಲಕ್ಕೆ ಒಂದೋ ಎರಡೋ ಎಂಎಲ್. ಅಷ್ಟು ಇಳಿಯುವುದನ್ನು ನೋಡುತ್ತಾ ನಿಂತರೆ ನಮ್ಮ ಉಸಿರೂ ನಿಧಾನ ಆಗುತ್ತದೆ. ಹೊಟ್ಟೆ ಉಬ್ಬಿತಾ, ಹಸಿರು ಬಣ್ಣದ ವಾಂತಿ ಬಂತಾ ಅಂತ ನೋಡಿಕೊಂಡೇ ಮುಂದಿನ ಸಲದ್ದು.

ಇಂಥ ಕೂಸಿನ ಕರುಳು ಬಹಳ ನಾಜೂಕು. ಕರುಳು ಊದಿಕೊಂಡು, ಅದರ ಗೋಡೆಯೇ ಸಾಯುತ್ತಾ ಬರುವ ಒಂದು ಕಾಯಿಲೆ ಇದೆ. ದಿನ ತುಂಬದ ಮಕ್ಕಳನ್ನು ಅದು ಹೆಚ್ಚಾಗಿ ಹಿಡಿಯುತ್ತದೆ. ಡಬ್ಬಿ ಹಾಲು ಕುಡಿದವಕ್ಕೆ ಜಾಸ್ತಿ, ಎದೆ ಹಾಲು ಕುಡಿದವಕ್ಕೆ ಕಮ್ಮಿ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು, ಕಮ್ಮಿ ತೂಕದ ಮಗುವಿಗೆ ಮೊದಲು ಅದರ ಅಮ್ಮನ ಹಾಲು. ಅದು ಸಿಗದಿದ್ದರೆ ಬೇರೆ ತಾಯಂದಿರು ದಾನ ಕೊಟ್ಟ ಹಾಲು. ಡಬ್ಬಿ ಅದಾದ ಮೇಲೆ. ನಿನ್ನ ಹಾಲಿಗೆ ಇಷ್ಟು ಬೆಲೆ ಇರುವುದು ಇದಕ್ಕೇ. ಒಂದು ಸಲಕ್ಕೆ ಎರಡು ಎಂಎಲ್ ಅಂದ ಮೇಲೆ, ನೀನು ಒಂದು ಬೆಳಗ್ಗೆ ಹಿಂಡುವ ನೂರು ಎಂಎಲ್ ಎಷ್ಟು ಸಲಕ್ಕಾಯಿತು ಲೆಕ್ಕ ಹಾಕು.

ಹಾಗಾದರೆ ಫ್ಲಾಸ್ಕಿನಲ್ಲಿ ಯಾಕೆ ಬೇಡ? ನೀನು ಆರೋಗ್ಯವಾಗಿದ್ದೀಯ, ನಿನ್ನ ಪಾಪು ನಿನ್ನ ಹಾಲು ಕುಡಿದು ಗುಂಡಗಿದೆ, ಸರಿ. ಆದರೆ ಅದು ದಿನ ತುಂಬಿ ಹುಟ್ಟಿದ್ದು. ನಿನ್ನ ಮೈಯಲ್ಲಿರುವ ರೋಗಾಣುಗಳ ಪರಿಚಯ ಅದಕ್ಕೆ ಮೊದಲಿಂದ ಇದೆ. ಆ ಒಂದು ಕೆಜಿ ಕೂಸಿಗೆ ಇಲ್ಲ. ಎಚ್‌ಐವಿ ಹಾಲಿನಿಂದ ದಾಟಬಹುದು. ಏನೂ ತೊಂದರೆ ಕೊಡದೆ ದೊಡ್ಡವರ ಮೈಯಲ್ಲಿ ಸುಮ್ನೆ ಕೂತಿರುವ ಬೇರೆ ವೈರಸ್ಸುಗಳೂ ಇವೆ. ಅದಲ್ಲದೆ ಕೈಯಿಂದ, ಪಾತ್ರೆಯಿಂದ, ಫ್ಲಾಸ್ಕಿನ ಮುಚ್ಚಳದ ಸಂದಿಯಿಂದ ಬರುವ ಬ್ಯಾಕ್ಟೀರಿಯಾ. ಬೆಚ್ಚಗಿನ ಫ್ಲಾಸ್ಕಿನಲ್ಲಿ ಅರ್ಧ ಬೆಂಗಳೂರು ಸುತ್ತಿ ಹೋಗುವಷ್ಟರಲ್ಲಿ ಅವು ಎಷ್ಟಾಗಿರುತ್ತವೆ ಯೋಚನೆ ಮಾಡು. ಮನೆಯಲ್ಲೇ ಕುದಿಸಿ ಕೊಡುತ್ತೇನೆ ಅನ್ನಬೇಡ. ಕುದಿಸಿದರೆ ರೋಗದ ವಿರುದ್ಧ ಹೋರಾಡುವ ಅಂಶಗಳೆಲ್ಲ ಹಾಳಾಗುತ್ತವೆ.

ಬ್ಯಾಂಕಿನಲ್ಲಿ ಬೇರೆಯೇ ಕ್ರಮ. ಮೊದಲು ನಿನ್ನನ್ನು ಕೂರಿಸಿ ಎಲ್ಲ ಕೇಳುತ್ತಾರೆ. ಯಾವ ಮಾತ್ರೆ, ಹೊಗೆಸೊಪ್ಪಿನ ಅಭ್ಯಾಸ ಇದೆಯಾ, ರಕ್ತ ಏರಿಸಿಕೊಂಡಿದ್ದೀಯಾ ಅಂತ. ಬೇಜಾರು ಮಾಡಿಕೊಳ್ಳಬೇಡ, ಎಲ್ಲರಿಗೂ ಕೇಳುವುದೇ. ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್‌ಗೆ ರಕ್ತ ಪರೀಕ್ಷೆ ಇರುತ್ತದೆ. ಆಮೇಲೆ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಇಟ್ಟು, ಬೇಗ ತಣ್ಣಗೆ ಮಾಡುತ್ತಾರೆ. ಆ ಶಾಖಕ್ಕೆ ಎಚ್‌ಐವಿ ಉಳಿಯುವುದಿಲ್ಲ, ಈ ಕೊರೊನಾ ವೈರಸ್ಸೂ ಉಳಿಯುವುದಿಲ್ಲ. ಒಳ್ಳೆಯ ಅಂಶಗಳೂ ಸ್ವಲ್ಪ ಹೋಗುತ್ತವೆ, ಆದರೆ ಬಹಳಷ್ಟು ಉಳಿಯುತ್ತವೆ. ಒಂದು ಚೂರು ಲ್ಯಾಬಿಗೆ ಕಳಿಸಿ, ಬ್ಯಾಕ್ಟೀರಿಯಾ ಬೆಳೆದರೆ ಆ ಬ್ಯಾಚನ್ನೇ ಚೆಲ್ಲುತ್ತಾರೆ. ಸರಿ ಇದ್ದರೆ ಮೈನಸ್ 20 ಡಿಗ್ರಿ ಫ್ರೀಜರಿಗೆ. ಯಾವ ಮಗುವಿಗೆ ಎಷ್ಟು ಅಂತ ಡಾಕ್ಟರು ಬರೆದುಕೊಟ್ಟ ಮೇಲೆಯೇ ಅದು ಹೊರಗೆ ಬರುವುದು.

ನಿನ್ನ ಹಾಲು ಅದೇ ಮಗುವಿಗೆ ಹೋಗುತ್ತದೆ ಅಂತಿಲ್ಲ. ಯಾವುದೋ ಮಗುವಿಗೆ ಹೋಗುತ್ತದೆ. ಹೆಸರು ಗೊತ್ತಾಗುವುದಿಲ್ಲ, ಫೋಟೋ ಬರುವುದಿಲ್ಲ. ಅದು ನಿನಗೆ ಸ್ವಲ್ಪ ಕಷ್ಟ ಅನ್ನಿಸಬಹುದು, ನಿನ್ನ ಸ್ವಭಾವ ನನಗೆ ಗೊತ್ತಲ್ಲ.

ಹಾಗಂತ ಆ ಅಪ್ಪನನ್ನು ಬರಿಗೈಲಿ ಕಳಿಸಬೇಡ. ಅವರಿಗೆ ಒಂದು ಫೋನ್ ಮಾಡು. ಮಗುವಿನ ತಾಯಿ ಹೇಗಿದ್ದಾರೆ ಅಂತ ಕೇಳು. ಎಚ್ಚರವಿದ್ದು, ಕೈ ಆಡಿಸುವಷ್ಟು ಶಕ್ತಿ ಇದ್ದರೆ ಆಕೆ ಹಾಲು ಹಿಂಡಬಹುದು, ಮಗುವಿಗೆ ಕೊಡಬಹುದು. ಕೋವಿಡ್ ಇದ್ದರೂ ಕೊಡಬಹುದು. ಮಾಸ್ಕ್ ಹಾಕಿ, ಕೈ ತೊಳೆದು ಹಾಲೂಡಿಸಿ ಅಂತಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿದೆ. ಹೋದ ವರ್ಷ ಶುರುವಿನಲ್ಲಿ ಹೆದರಿಕೆಗೆ ಎಷ್ಟೋ ಕಡೆ ತಾಯಿ ಮಗುವನ್ನು ಬೇರೆ ಮಾಡಿಬಿಟ್ಟರು. ಹಾಲು ಎದೆಯಲ್ಲೇ ಕಟ್ಟಿ, ಆಮೇಲೆ ಬತ್ತಿ ಹೋಯಿತು. ಆ ಹೆದರಿಕೆ ಇನ್ನೂ ಪೂರ್ತಿ ಹೋಗಿಲ್ಲ. ಹಗಲು ರಾತ್ರಿ ಸೇರಿ ಎಂಟು ಸಲವಾದರೂ ಹಿಂಡದಿದ್ದರೆ ಆ ತಾಯಿಯ ಹಾಲು ನಿಂತೇಹೋಗುತ್ತದೆ. ವಾರ್ಡಿನ ಸಿಸ್ಟರ್ ಹತ್ತಿರ ಈ ಮಾತು ಎತ್ತಿ ಅಂತ ಅವರಿಗೆ ಹೇಳು. ಆಕೆಗೆ ತೀರಾ ಆಗದಿದ್ದರೆ, ದಾನದ ಹಾಲು ತರಿಸಬಹುದಾ ಅಂತ ಎನ್‌ಐಸಿಯು ಡಾಕ್ಟರನ್ನೇ ಕೇಳಲಿ. ನನ್ನ ಕೇಳಿದರೆ ನಿನ್ನ ಫ್ಲಾಸ್ಕಿಗಿಂತ ಈ ಫೋನ್ ಕಾಲ್ ದೊಡ್ಡದು.

ನಮ್ಮ ಬೀದಿಯಲ್ಲೇ ಮೊನ್ನೆ ಮೊನ್ನೆ ಹೀಗಾಯಿತು. ಒಬ್ಬಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ ಕೂಸು ಮಡಿಕೇರಿಯಲ್ಲಿ ಉಳಿಯಿತು, ಅವಳು ಮನೆಗೆ ಬಂದಳು. ಬಸ್ಸು ಸರಿಯಾಗಿಲ್ಲ. ಹಿಂಡಿದರೆ ಬಟ್ಟಲಿನ ತಳ ಒದ್ದೆ ಆಗುವಷ್ಟು ಬರುತ್ತಿತ್ತು. "ಇಷ್ಟೇ ಇಷ್ಟು ತಗೊಂಡು ಯಾರಾದ್ರೂ ಮಡಿಕೇರಿಗೆ ಹೋಗ್ತಾರಾ ಅಕ್ಕ" ಅಂತ ಅಳುತ್ತಾ ಕೂತಿದ್ದಳು. ಹೋಗುತ್ತಾರೆ ಅಂದೆ. ಬಿಸಿನೀರಿನ ಬಟ್ಟೆ ಇಟ್ಟು, ಹೆಬ್ಬೆರಳು ಎಲ್ಲಿ, ತೋರುಬೆರಳು ಎಲ್ಲಿ ಅಂತ ಹಿಡಿದು ತೋರಿಸಿದೆ. ಮೊಲೆತೊಟ್ಟನ್ನು ಎಳೆಯಬಾರದು. ಅದರ ಸುತ್ತ ಕಪ್ಪಗಿರುವ ಜಾಗದ ಹಿಂದೆ ಬೆರಳಿಟ್ಟು, ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಅದುಮಬೇಕು. ಅವಳ ಗಂಡ ಬೈಕಿನಲ್ಲಿ, ಮಳೆಯಲ್ಲಿ, ಐಸ್ ತುಂಬಿದ ಡಬ್ಬಿಯನ್ನು ರೈನ್‌ಕೋಟಿನ ಒಳಗೆ ಇಟ್ಟುಕೊಂಡು ಹೋಗಿ ಬಂದ. ವಾರದಲ್ಲಿ ಹಾಲು ಚೆನ್ನಾಗಿ ಬರತೊಡಗಿತು. ನಿನಗೆ ಬೆಂಗಳೂರಿನಲ್ಲಿ ಬ್ಯಾಂಕ್ ಕೈಗೆಟುಕುತ್ತದೆ, ಇಲ್ಲಿಯ ಹೆಣ್ಣುಮಕ್ಕಳಿಗೆ ಆ ಅನುಕೂಲ ಇಲ್ಲ. ಇದ್ದಿದ್ದರೆ ನೀನು ಏಪ್ರಿಲಿನಲ್ಲಿ ಇಲ್ಲಿ ಬಾಣಂತನದಲ್ಲಿದ್ದಾಗ ಎದೆ ಕಲ್ಲಿನಂತೆ ಕಟ್ಟಿ, ನಿಮ್ಮಮ್ಮ ಬಟ್ಟಲು ಬಟ್ಟಲು ಹಾಲನ್ನು ಕರಿಬೇವಿನ ಬುಡಕ್ಕೆ ಸುರಿಯುವ ಅಗತ್ಯ ಇರುತ್ತಿರಲಿಲ್ಲ.

ಇನ್ನು ನಿಮ್ಮ ಅತ್ತೆಯ ವಿಷಯ. ಅವರ ಜೊತೆ ವಾದ ಮಾಡಬೇಡ. ಅವರ ಮಾತಿನಲ್ಲಿ ಅರ್ಧ ಸರಿ ಇದೆ. ಮೊದಲು ಮನೆಯ ಕೂಸು, ಆಮೇಲೆ ಉಳಿದವರು. ಪಾಪು ಕುಡಿದು, ದಿನಕ್ಕೆ ಆರೇಳು ಸಲ ಉಚ್ಚೆ ಹೊಯ್ದು, ತೂಕ ಏರುತ್ತಿದ್ದರೆ ಮಾತ್ರ ಮಿಕ್ಕಿದ್ದನ್ನು ಕೊಡಬೇಕು. ಬ್ಯಾಂಕಿನವರೂ ಅದನ್ನೇ ಹೇಳುತ್ತಾರೆ. ಆದರೆ ಕೊಟ್ಟರೆ ಬತ್ತಿ ಹೋಗುತ್ತದೆ ಅನ್ನುವುದು ಸುಳ್ಳು. ಖಾಲಿ ಆದಷ್ಟೂ ಊರುತ್ತದೆ. ದೃಷ್ಟಿ ಅಂದರೆ ದೃಷ್ಟಿ ತೆಗೆಯಲಿ ಬಿಡು, ಅದರಿಂದ ಯಾರಿಗೂ ನಷ್ಟ ಇಲ್ಲ. ಇದು ನಿನ್ನೆ ಮೊನ್ನೆಯ ಫ್ಯಾಷನ್ ಅಂತ ಅವರು ಅಂದರೆ, ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾಕ್ಟರ್ ಅರ್ಮಿಡಾ ಫರ್ನಾಂಡಿಸ್ 1989ರಲ್ಲೇ ಹಾಲಿನ ಬ್ಯಾಂಕ್ ಶುರು ಮಾಡಿದ್ದರು, ಅದೂ ನಗರಪಾಲಿಕೆಯ ಆಸ್ಪತ್ರೆಯಲ್ಲಿ, ಬಡವರ ಮಕ್ಕಳಿಗೆ ಅಂತ ಹೇಳು. ನಿಮ್ಮ ಬೆಂಗಳೂರಿನ ಅಮಾರಾ ಹಾಲಿನ ಬ್ಯಾಂಕ್ ಕೂಡ 2017ರಿಂದ ಇದೆ. ಸಾಧ್ಯವಾದರೆ ಫೋನ್ ಮಾಡುವಾಗ ಸ್ಪೀಕರ್ ಹಾಕಿ ಅತ್ತೆಯನ್ನೂ ಪಕ್ಕದಲ್ಲಿ ಕೂರಿಸಿಕೋ. ಅವರೇ ನಾಲ್ಕು ಪ್ರಶ್ನೆ ಕೇಳಲಿ.

ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ನಿಮ್ಮಜ್ಜಿ ತೋಟದ ಲೈನ್ ಮನೆಯ ಕೂಸಿಗೆ ಮಡಿಲಲ್ಲಿ ಹಾಕಿಕೊಂಡು ಹಾಲು ಕೊಟ್ಟಿದ್ದರಲ್ಲ ಅಂತ ನೀನು ಕೇಳಬಹುದು. ಕೊಟ್ಟಿದ್ದರು, ಒಳ್ಳೆಯದನ್ನೇ ಮಾಡಿದರು. ಆದರೆ ಅದು ತೂಕ ತುಂಬಿದ ಗಟ್ಟಿ ಕೂಸು. ಮತ್ತೆ ಆಗ ಒಂದು ಕೆಜಿಯ ಕೂಸುಗಳು ಉಳಿಯುತ್ತಲೇ ಇರಲಿಲ್ಲ, ಅದನ್ನು ಯಾರೂ ಕಥೆ ಮಾಡಿ ಹೇಳುವುದಿಲ್ಲ.

ಇನ್ನೊಂದು. ಮಗುವಿನ ಮನೆಯವರು ಬೇರೆ ತಾಯಿಯ ಹಾಲು ಬೇಡ ಅಂದರೆ ಅದನ್ನು ಅವಮಾನ ಅಂತ ತಗೊಳ್ಳಬೇಡ. ಮುಸ್ಲಿಮರಲ್ಲಿ ಒಂದೇ ತಾಯಿಯ ಹಾಲು ಕುಡಿದವರು ಒಡಹುಟ್ಟಿದವರಂತೆ, ಮದುವೆ ಆಗುವ ಹಾಗಿಲ್ಲ. ಯಾರ ಹಾಲು ಅಂತ ಗೊತ್ತಿಲ್ಲದಿದ್ದರೆ ಅವರಿಗೆ ಯೋಚನೆ ಆಗುವುದು ಸಹಜ ಅಲ್ವಾ. ಅದಕ್ಕೇ ಆಸ್ಪತ್ರೆಯಲ್ಲಿ ಮನೆಯವರ ಒಪ್ಪಿಗೆ ಕೇಳಿಯೇ ಹಾಲು ಕೊಡುವುದು.

ದುಡ್ಡು ಕೊಡುತ್ತೇವೆ ಅಂತ ಯಾರಾದರೂ ಬಂದರೆ ಬಾಗಿಲು ಹಾಕಿಕೋ. 2017ರಲ್ಲಿ ಕೇಂದ್ರ ಸರ್ಕಾರ ಮಾಡಿದ ಮಾರ್ಗಸೂಚಿಯಲ್ಲಿ ಇದು ದಾನ, ವ್ಯಾಪಾರ ಅಲ್ಲ ಅಂತ ಸ್ಪಷ್ಟ ಇದೆ.

ಈಗ ಮಾಡಬೇಕಾದ್ದು. ನೀನು ಕೋವಿಡ್ ಲಸಿಕೆ ಹಾಕಿಸಿಕೊಂಡಿಲ್ಲ ಅಂತ ನಿಮ್ಮಮ್ಮ ಹೇಳಿದಳು. ಹಾಲೂಡಿಸುವವರಿಗೂ ಕೊಡಬಹುದು ಅಂತ ಕೇಂದ್ರ ಸರ್ಕಾರ ಮೇ 19ಕ್ಕೇ ಹೇಳಿ ಆಗಿದೆ, ಇನ್ನೂ ಯಾಕೆ ಕೂತಿದ್ದೀಯ? ಹಾಕಿಸಿಕೊಂಡ ದಿನವೂ ಪಾಪುವಿಗೆ ಹಾಲು ನಿಲ್ಲಿಸಬೇಕಿಲ್ಲ. ನಿನಗೆ ಜ್ವರ, ಕೆಮ್ಮು ಬಂದರೆ, ವಾಸನೆ ಗೊತ್ತಾಗದಿದ್ದರೆ, ಬ್ಯಾಂಕಿಗೆ ಕೊಡುವುದು ನಿಲ್ಲಿಸಿ ಅವರಿಗೆ ತಿಳಿಸು. ಪಾಪುವಿಗೆ ಮಾಸ್ಕ್ ಹಾಕಿಕೊಂಡು ಕುಡಿಸುತ್ತಲೇ ಇರು.

ಉಗುರು ಕತ್ತರಿಸಿಕೋ. ಬಳೆ, ಉಂಗುರ ತೆಗೆದಿಟ್ಟು ಮೊಣಕೈವರೆಗೂ ಸೋಪು ಹಾಕು. ಪಂಪ್ ಇದ್ದರೆ ಬಿಡಿಭಾಗಗಳನ್ನು ಪ್ರತಿ ಸಲ ತೊಳೆಯಬೇಕು. ಬೇಸರ ಅಂತ ನೀರಲ್ಲಿ ಅದ್ದಿ ತೆಗೆಯಬೇಡ, ನನಗೆ ನಿನ್ನ ಅಡುಗೆಮನೆ ಗೊತ್ತು. ಹಾಲಿನ ಡಬ್ಬಿ ಬ್ಯಾಂಕಿನವರು ಹೇಳಿದ್ದೇ ಇರಲಿ. ಮೇಲೆ ತಾರೀಖು, ಟೈಮ್ ಬರಿ. ಫ್ರೀಜರಿನ ಒಳಗಿನ ಮೂಲೆಗೆ ಇಡು, ಬಾಗಿಲ ಕಡೆ ಬೇಡ. ಈಗ ಹಿಂಡಿದ ಬಿಸಿ ಹಾಲನ್ನು ಹಳೆಯ ಗಡ್ಡೆ ಕಟ್ಟಿದ ಹಾಲಿನ ಮೇಲೆ ಸುರಿಯಬೇಡ. ಕರೆಂಟ್ ಹೋಗಿ ಹಾಲು ಕರಗಿದ್ದರೆ ಮುಚ್ಚಿಡದೆ ಅವರಿಗೆ ಹೇಳು.

ಮೊನ್ನೆ 3ನೇ ತಾರೀಖು ನಮ್ಮ ಕೊಡಗಿನ ಕಕ್ಕಡ ತಿಂಗಳ ಮದ್ದುಸೊಪ್ಪಿನ ಪಾಯಸ ಮಾಡಿದ್ದೆವು. ಒಣಗಿಸಿದ ಸೊಪ್ಪು ನಿನಗೂ ಕಳಿಸೋಣ ಅಂತ ನಿಮ್ಮಮ್ಮ ಕಟ್ಟಿಟ್ಟಿದ್ದಳು. ನಾನೇ ಬೇಡ ಅಂದೆ. ಕುಡಿದ ಮಾರನೇ ದಿನ ಉಚ್ಚೆ ಕೆಂಪಾಗುವುದು ನಿನಗೂ ಗೊತ್ತು, ಮೈಯೆಲ್ಲ ಸುತ್ತುವ ಆ ಸೊಪ್ಪಿನ ರಸ ಒಂದು ಕೆಜಿ ಕೂಸಿಗೆ ಯಾಕೆ? ಬೇರೆ ಯಾರಾದರೂ ನಾಟಿ ಮದ್ದು, ಲೇಹ್ಯ ಕೊಟ್ಟಿದ್ದರೆ ಅದನ್ನೂ ಬ್ಯಾಂಕಿನವರಿಗೆ ಹೇಳಿಬಿಡು.

ನಿಮ್ಮ ದೊಡ್ಡಪ್ಪ ನಾಳೆ ಕರ್ಫ್ಯೂ ಮುಗಿದ ಮೇಲೆ ಇದನ್ನು ಪೋಸ್ಟಿಗೆ ಹಾಕುತ್ತಾರೆ. ಜೊತೆಗೆ ನಿನ್ನ ಗರ್ಭಿಣಿ ಕಾಲದ ರಕ್ತ ಪರೀಕ್ಷೆಯ ರಿಪೋರ್ಟುಗಳನ್ನೂ ಇಟ್ಟಿದ್ದೇನೆ, ತಾಯಿ ಕಾರ್ಡಿನ ಒಳಗೆ ಇಲ್ಲೇ ಉಳಿದಿದ್ದವು. ಬ್ಯಾಂಕಿಗೆ ಹೋಗುವಾಗ ತಗೊಂಡು ಹೋಗು. ಹಳೆಯದಾಯಿತು ಅಂದರೆ ಹೊಸದಾಗಿ ರಕ್ತ ತೆಗೆಯುತ್ತಾರೆ, ಸೂಜಿ ಅಂತ ಕೈ ಎಳೆದುಕೊಳ್ಳಬೇಡ.

ಇಂತಿ ನಿನ್ನ
ದೊಡ್ಡಮ್ಮ